ಓರೆ ಮೇಜು, ನೀಲಿ ತಟ್ಟೆ

ಆ ದಿನ ಮಳೆ ಹೊಯ್ಯುತ್ತಿತ್ತು ಎಂದು ಮೊದಲು ಬರೆದೆ. ಆಮೇಲೆ ಹಳೆಯ ನೋಟ್‌ಬುಕ್ ತೆಗೆದು ನೋಡಿದರೆ ಪುಟದ ತಲೆಯಲ್ಲಿ ನನ್ನದೇ ಕೈಬರಹದಲ್ಲಿ ಜನವರಿ ಎಂದಿದೆ. ಸಕಲೇಶಪುರದಲ್ಲಿ ಜನವರಿಯಲ್ಲಿ ಮಳೆ ಬಂದರೆ ಕಣದಲ್ಲಿ ಒಣಗುತ್ತಿರುವ ಕಾಫಿ ನೆನೆದು ಊರಿಗೆ ಊರೇ ಆಕಾಶಕ್ಕೆ ಬೈಯುತ್ತದೆ. ಅಂಥ ಬೈಗುಳ ಯಾವುದೂ ನನಗೆ ನೆನಪಿಲ್ಲ. ಹಾಗಾದರೆ ಈ ನೆನಪಿನೊಳಗೆ ಮಾಡಿನ ಶೀಟಿನ ಮೇಲೆ ಸದ್ದು ಮಾಡುತ್ತಿರುವುದು ಬೇರೆ ಯಾವುದೋ ದಿನದ ಮಳೆ. ಅದನ್ನು ಹೊಡೆದುಹಾಕಿದ್ದೇನೆ. ಬಿಸಿಲಿತ್ತು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ.

ಇನ್ನೊಂದನ್ನೂ ಈಗಲೇ ಹೇಳಿಬಿಡುವುದು ಮೇಲು. ಇಲ್ಲಿ ಹೇಳಹೊರಟಿರುವುದಕ್ಕೆ ನೋಟ್‌ಬುಕ್ಕಿನಲ್ಲಿರುವ ಸಾಕ್ಷಿ ಎರಡು ಅಂಕಿ ಮಾತ್ರ: ಮಂಗಳವಾರ ಹದಿಮೂರು, ಬುಧವಾರ ಇಪ್ಪತ್ತಾರು. ಉಳಿದದ್ದೆಲ್ಲ ನನ್ನ ತಲೆಯಿಂದ ಬಂದದ್ದು. ತಲೆಯನ್ನು ನಾನು ನಮ್ಮ ಲ್ಯಾಬಿನ ಫ್ರಿಜ್ಜನ್ನು ನಂಬಿದಷ್ಟೇ ನಂಬುತ್ತೇನೆ. ಕರೆಂಟ್ ಇದ್ದಾಗ ಅದು ಚೆನ್ನಾಗಿಯೇ ಕಾಪಾಡುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನಾನು ದಿನಾ ಆಲೂರಿನಲ್ಲಿ ಬಸ್ ಹತ್ತಿ ಸಕಲೇಶಪುರಕ್ಕೆ ಬಂದು ಒಂದು ಸಣ್ಣ ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನೀಷಿಯನ್ ಕೆಲಸ ಮಾಡುತ್ತಿದ್ದೆ. ಲ್ಯಾಬ್ ಎಂದರೆ ಗುಡ್ಡದ ಇಳಿಜಾರಿಗೆ ಆನಿಸಿ ಕಟ್ಟಿದ ಎರಡು ಕೋಣೆ. ಒಂದರಲ್ಲಿ ರಕ್ತ ತೆಗೆಯುವುದು, ಇನ್ನೊಂದರಲ್ಲಿ ನೋಡುವುದು. ಸಕ್ಕರೆ, ಮೂತ್ರ, ಕಫ, ಎಸ್ಟೇಟಿನ ಕೂಲಿ ಲೈನುಗಳಿಂದ ಬರುವ ಜ್ವರದವರ ಸ್ಲೈಡು. ದಿನವೂ ಅದೇ ಕೆಲಸ. ಬೇಜಾರಾಗುತ್ತಿತ್ತೇ ಎಂದು ಈಗ ಯಾರಾದರೂ ಕೇಳುತ್ತಾರೆ. ಇಲ್ಲ. ಹನ್ನೊಂದು ಗಂಟೆಗೆ ಒಂದು ಕಾಫಿ, ಮೈಕ್ರೋಸ್ಕೋಪಿನ ಕೆಳಗೆ ಯಾರದೋ ಒಳಗಿನ ಲೋಕ, ಸಂಜೆ ಬಸ್ಸಿನಲ್ಲಿ ಕಿಟಕಿಯ ಸೀಟು. ಸುಖವಾಗಿದ್ದೆ ಎಂದು ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಸುಖವಾಗಿದ್ದೆ.

ನಮ್ಮ ಡಾಕ್ಟರು ಅರವತ್ತರ ಹತ್ತಿರದವರು. ಬೆಂಗಳೂರಿನಲ್ಲಿ ಯಾವುದೋ ತರಬೇತಿಗೆ ಹೋಗಿಬಂದವರು ನನ್ನ ಮೇಜಿನ ಮೇಲೆ ನಾಲ್ಕು ಹಾಳೆ ಜೆರಾಕ್ಸ್ ಇಟ್ಟರು. ಬ್ಯಾಕ್ಟೀರಿಯಾಕ್ಕೆ ಯಾವ ಔಷಧಿ ನಾಟುತ್ತದೆ ಎಂದು ನೋಡುವ ಪರೀಕ್ಷೆಯನ್ನು ನಾವು ಮೊದಲಿನಿಂದಲೂ ಮಾಡುತ್ತಿದ್ದೆವು. ಈ ಹಾಳೆಗಳಲ್ಲಿ ಇದ್ದದ್ದು ಅದೇ ಪರೀಕ್ಷೆ, ಆದರೆ ಯೀಸ್ಟಿಗೆ. ಯೀಸ್ಟ್ ಒಂದು ಜಾತಿಯ ಬೂಷ್ಟು. ಸಕ್ಕರೆ ಕಾಯಿಲೆಯವರ, ನಿತ್ರಾಣವಾದವರ ಬಾಯೊಳಗೆ ಒಡೆದ ಹಾಲಿನ ಕೆನೆಯ ಹಾಗೆ ಬಿಳಿಯಾಗಿ ಕೂರುತ್ತದೆ.

"ಮಾಡಿ ನೋಡಮ್ಮ," ಎಂದರು ಡಾಕ್ಟರು. "ಬರದಿದ್ದರೆ ಬೈಯಲ್ಲ. ಬಂದರೂ ಹೊಗಳಲ್ಲ."

ಮಾಡಿದೆ. ಅಗಾರ್ ಎಂಬ ಪುಡಿಯನ್ನು ಕುದಿಸಿ ಗಾಜಿನ ತಟ್ಟೆಗೆ ಹೊಯ್ದರೆ ಹಾಲುಬಾಯಿ ಸಿಹಿಯ ಹಾಗೆ ಹೆಪ್ಪುಗಟ್ಟುತ್ತದೆ. ಯೀಸ್ಟಿಗೆ ಬೇಕೆಂದು ಅದಕ್ಕೆ ಗ್ಲೂಕೋಸ್, ಅಂಚು ಸ್ಪಷ್ಟವಾಗಿ ಕಾಣಲೆಂದು ಚೂರೇ ಚೂರು ನೀಲಿ ಬಣ್ಣ. ರೋಗಿಯ ಬಾಯಿಂದ ತೆಗೆದು ಬೆಳೆಸಿದ ಯೀಸ್ಟನ್ನು ಉಪ್ಪುನೀರಿನಲ್ಲಿ ಕದಡಿ, ಕಪ್ಪು ಗೆರೆ ಎಳೆದ ಕಾಗದದ ಮುಂದೆ ಹಿಡಿದು, ನೀರು ಎಷ್ಟು ಮಬ್ಬಾಗಿದೆ ಎಂದು ಅಳತೆಯ ಕೊಳವೆಯ ಜೊತೆ ಹೋಲಿಸಬೇಕು. ಆಮೇಲೆ ಹತ್ತಿಯ ಕಡ್ಡಿಯಲ್ಲಿ ತಟ್ಟೆಯ ತುಂಬ ಮೂರು ದಿಕ್ಕಿಗೆ ಸವರಬೇಕು, ಅಂಗಳ ಸಾರಿಸಿದ ಹಾಗೆ, ಒಂದು ಬೆರಳಗಲವೂ ಬಿಡದೆ. ನಡುವೆ ಔಷಧಿ ಹೀರಿದ ಕಾಗದದ ಬಿಲ್ಲೆ ಇಡಬೇಕು. ಒಂದು ದಿನ ಇನ್ಕ್ಯುಬೇಟರಿನ ಶಾಖದಲ್ಲಿ ಬಿಟ್ಟರೆ ಯೀಸ್ಟ್ ತಟ್ಟೆಯ ತುಂಬ ಬೆಳೆದಿರುತ್ತದೆ, ಬಿಲ್ಲೆಯ ಸುತ್ತ ಮಾತ್ರ ಬರಿದಾದ ಒಂದು ವೃತ್ತ. ಆ ವೃತ್ತದ ಅಗಲವನ್ನು ಅಳೆಯುವುದೇ ಪರೀಕ್ಷೆ. ಹತ್ತೊಂಬತ್ತು ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಆ ಔಷಧಿಯ ಮಾತ್ರೆ ನಾಟುತ್ತದೆ. ಹದಿನಾಲ್ಕು ಅಥವಾ ಕಡಿಮೆಯಿದ್ದರೆ ನಾಟುವುದಿಲ್ಲ. ನಡುವಿನದು ಡೋಸ್ ಜಾಸ್ತಿ ಮಾಡಿ ನೋಡುವಂಥದ್ದು.

ಇನ್ಕ್ಯುಬೇಟರಿನ ಬಾಗಿಲು ತೆಗೆದಾಗ ಬರುತ್ತಿದ್ದ ವಾಸನೆಯನ್ನು ನಾನು ಸೃಷ್ಟಿಸಿಕೊಂಡಿಲ್ಲ, ಅದೊಂದು ಖಂಡಿತ. ರಾತ್ರಿ ಉಬ್ಬಿ ಪಾತ್ರೆಯ ಮುಚ್ಚಳ ಎತ್ತಿದ ದೋಸೆ ಹಿಟ್ಟಿನ ವಾಸನೆ. ನನಗೆ ಹಸಿವಾಗುತ್ತಿತ್ತು.

ಅಭ್ಯಾಸಕ್ಕೆಂದು ಎರಡೋ ಮೂರೋ ತಟ್ಟೆ ಮಾಡಿದ ಮೇಲೆ ನಿಜವಾದ ಕೇಸು ಬಂತು. ಹೊಂಗಡಹಳ್ಳ ದಾಟಿ ಬಿಸಿಲೆ ಕಡೆಯ ಒಂದು ಎಸ್ಟೇಟಿನ ರೈಟರು, ಆಳುಗಳ ಕೆಲಸ ಹಂಚಿ ಹಾಜರಿ ಬರೆಯುವವರು, ನಲವತ್ತು ದಾಟಿದವರು. ಜೊತೆಗೆ ಅವರ ತಾಯಿ. ತಾಯಿಗೆ ಸಕ್ಕರೆ ಕಾಯಿಲೆ. ಒಂದೂವರೆ ತಿಂಗಳ ಹಿಂದೆ ಬಾಯೆಲ್ಲ ಬಿಳಿ ಕಟ್ಟಿತ್ತು, ಗಂಟಲಿನವರೆಗೂ. ಡಾಕ್ಟರು ಹದಿನಾಲ್ಕು ದಿನಕ್ಕೆ ದಿನಕ್ಕೊಂದರಂತೆ ಮಾತ್ರೆ ಬರೆದುಕೊಟ್ಟಿದ್ದರು. ಗುಣವಾಗಿತ್ತು. ಈಗ ಮತ್ತೆ ಬಂದಿದೆ, ಮೊದಲಿಗಿಂತ ಜೋರಾಗಿ. ಮುದುಕಿ ಗಂಜಿ ಬಿಟ್ಟು ಬೇರೇನೂ ನುಂಗುತ್ತಿರಲಿಲ್ಲ.

"ಮಾತ್ರೆ ಕೊಟ್ರೇನ್ರೀ ಸರಿಯಾಗಿ?"

"ಕೊಟ್ಟೆ ಡಾಕ್ಟ್ರೇ. ನಾನೇ ಕೈಯಾರೆ ಕೊಟ್ಟೆ."

ಅವರು ಸುಳ್ಳು ಹೇಳಲಿಲ್ಲ. ಇದು ಮುಂದೆ ಬೇಕಾಗುತ್ತದೆ.

ಮಾತ್ರೆ ಕೊಟ್ಟೂ ಬಂದಿದೆ ಎಂದರೆ ಯೀಸ್ಟು ಮಾತ್ರೆಗೆ ಬಗ್ಗದ ಜಾತಿಯದಿರಬೇಕು ಎಂದು ಡಾಕ್ಟರಿಗೆ ಅನುಮಾನ. ಹಾಗಿದ್ದರೆ ಉಳಿಯುವುದು ಡ್ರಿಪ್ಪಿನಲ್ಲಿ ಕೊಡುವ ಔಷಧಿ. ಅದು ಕಿಡ್ನಿಗೆ ಭಾರ, ದಿನಾ ರಕ್ತ ನೋಡುತ್ತಾ ಕೊಡಬೇಕು. ನಮ್ಮಲ್ಲಿ ಆಗದು, ಮಂಗಳೂರಿಗೇ ಹೋಗಬೇಕು. ಡಾಕ್ಟರು ಇದನ್ನು ರೈಟರಿಗೆ ಮೆಲ್ಲಗೆ ಹೇಳಿದರು. ಮುದುಕಿಗೆ ಕಿವಿ ಚುರುಕು.

"ನಾನು ಘಟ್ಟ ಇಳಿಯಾಕಿಲ್ಲ," ಅಂದಳು. ಗಂಟಲು ನೋವಿನಿಂದ ಒಂದೊಂದೇ ಮಾತು ಹೊರಡುತ್ತಿತ್ತು. "ಇವ್ರಪ್ಪನ್ನ ಅದೇ ದಾರೀಲಿ ಇಳಿಸ್ಕೊಂಡ್ ಹೋದ್ರು. ನಡ್ಕೊಂಡು ಹೋಗಿ ಜೀಪ್ ಹತ್ತಿದ್ದು. ಬರುವಾಗ ಮಲಗಿಸ್ಕೊಂಡು ಬಂದ್ರು."

"ಸುಮ್ಕಿರವ್ವ. ಅದು ಬೇರೆ ಕಾಯಿಲೆ."

"ದಾರಿ ಅದೇ ಅಲ್ವೇನೋ?"

ಅವಳ ಬಾಯಿಂದ ಹತ್ತಿಯ ಕಡ್ಡಿಯಲ್ಲಿ ಬಿಳಿಯದನ್ನು ತೆಗೆದವಳು ನಾನು. ಕಡ್ಡಿ ಮುಟ್ಟಿದಲ್ಲಿ ರಕ್ತ ಜಿನುಗಿತು. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡು, "ಮಗ, ನೀನು ಒಳ್ಳೇದು ಬರಿ," ಅಂದಳು. ಅಂದಳೋ, ಕಣ್ಣಿನಲ್ಲೇ ಕೇಳಿದಳೋ. ಕೈ ಹಿಡಿದದ್ದು ಮಾತ್ರ ನಿಜ, ಬೆಳ್ಳಿ ಬಳೆ ತಣ್ಣಗೆ ತಾಗಿತ್ತು.

ಮಂಗಳವಾರ ಬೆಳಿಗ್ಗೆ ತಟ್ಟೆ ತೆಗೆದೆ. ವೃತ್ತ ಇರಲಿಲ್ಲ, ಕೋಳಿಮೊಟ್ಟೆಯ ಆಕಾರ ಇತ್ತು. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಅದರ ಒಳಗೆ ಬಿಲ್ಲೆಯ ಕಡೆಗೆ ಸಾಗುತ್ತಾ ತೆಳ್ಳಗೆ, ಉಸಿರು ಬಿಟ್ಟ ಕನ್ನಡಿಯ ಹಾಗೆ, ಒಂದು ಮಬ್ಬು. ಬೆಳೆದಿದೆ ಎನ್ನಲಾಗದು, ಬೆಳೆದಿಲ್ಲ ಎನ್ನಲೂ ಆಗದು. ನಾನು ಎಚ್ಚರಿಕೆಯ ಹುಡುಗಿ. ಮಬ್ಬು ಕೂಡ ಯೀಸ್ಟೇ ತಾನೇ ಎಂದುಕೊಂಡು ಅದು ಮುಗಿಯುವಲ್ಲಿಗೆ ಸ್ಕೇಲಿಟ್ಟು ಅಳೆದೆ. ಹದಿಮೂರು.

ಡಾಕ್ಟರು ಅಂಕಿ ನೋಡಿದರು, ತಟ್ಟೆ ನೋಡಲಿಲ್ಲ. ಹೊರಗೆ ಹತ್ತು ಜನ ಕಾಯುತ್ತಿದ್ದರು. "ಹಾಗಾದರೆ ಮಂಗಳೂರೇ," ಎಂದು ಕಾಗದ ಬರೆಯಲು ಲೆಟರ್‌ಹೆಡ್ ಎಳೆದುಕೊಂಡರು. ನಾನು ಬಾಗಿಲಲ್ಲೇ ನಿಂತಿದ್ದೆ. ಆ ಮೊಟ್ಟೆಯ ಆಕಾರ ಮನಸ್ಸಿಗೆ ಸಮಾಧಾನ ಕೊಟ್ಟಿರಲಿಲ್ಲ.

"ಸರ್, ಇನ್ನೊಂದು ಸಲ ಹಾಕ್ತೀನಿ. ಒಂದು ದಿನ ಕೊಡಿ."

"ಯಾಕಮ್ಮ, ನಿನ್ನ ಅಂಕಿ ಮೇಲೆ ನಿಂಗೇ ನಂಬಿಕೆ ಇಲ್ವ?"

"ತಟ್ಟೆ ಗುಂಡಗೆ ಬಂದಿಲ್ಲ ಸರ್."

ಅವರು ಪೆನ್ನಿನ ಮುಚ್ಚಳ ಹಾಕಿದರು. "ನಾಳೆ ಹತ್ತು ಗಂಟೆ. ಅಮ್ಮನ ಗಂಟಲು ಅದಕ್ಕಿಂತ ಕಾಯಲ್ಲ."

ರೈಟರು ವಿಷಯ ತಿಳಿದು ಲ್ಯಾಬಿಗೇ ಬಂದರು. ಹೊರಗಿನವರನ್ನು ಒಳಗೆ ಬಿಡಬಾರದು. ನಾನು ಬಿಟ್ಟೆ. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿ, ನಡುವೆ ಔಷಧಿ, ಸುತ್ತ ಬೂಷ್ಟು, ಔಷಧಿಗೆ ಸತ್ತ್ವ ಇದ್ದರೆ ಬೂಷ್ಟು ದೂರ ನಿಲ್ಲುತ್ತದೆ ಎಂದೆ. ಅಷ್ಟು ಬೇಗ ಈ ಪರೀಕ್ಷೆ ಅರ್ಥ ಮಾಡಿಕೊಂಡವರನ್ನು ನಾನು ಆಮೇಲೂ ನೋಡಿಲ್ಲ.

"ನಮ್ದೂ ಇದೇ ಕೆಲ್ಸ ಕಣ್ರೀ ಮೇಡಂ. ಕಾಫಿ ಎಲೆಗೆ ತುಕ್ಕು ರೋಗ ಅಂತ ಬರ್ತದೆ, ಅದೂ ಬೂಷ್ಟೇ. ಮೈಲುತುತ್ತ, ಸುಣ್ಣ ಕಲ್ಸಿ ಹೊಡೀತೀವಿ. ಹೊಡೆಯೋಕೆ ಮುಂಚೆ ಡ್ರಮ್ಮಿಗೆ ಒಂದು ಕಬ್ಬಿಣದ ಚಾಕು ಅದ್ದಿ ತೆಗೀಬೇಕು. ಚಾಕು ತಾಮ್ರದ ಬಣ್ಣಕ್ಕೆ ತಿರುಗ್ತು ಅಂದ್ರೆ ಸುಣ್ಣ ಸಾಲ್ದು ಅಂತ. ಹಂಗೇ ಹೊಡೆದ್ರೆ ಎಲೆ ಸುಟ್ಟೋಗ್ತದೆ."

"ನಿಮ್ಮದು ಚಾಕು ಅದ್ದಿದರೆ ಮುಗೀತು. ನಮ್ಮದಕ್ಕೆ ಒಂದು ದಿನ ಬೇಕು."

"ನಮ್ದಕ್ಕೂ ಒಂದೇ ದಿನಕ್ಕೆ ಮುಗಿಯಲ್ಲ. ಮಳೆಗೆ ಮುಂಚೆ ಒಂದು ಸುತ್ತು ಹೊಡೀಬೇಕು, ಮಳೆ ಬಿಟ್ಟ ಮೇಲೆ ಎರಡ್ನೇ ಸುತ್ತು. ಔಷಧಿ ಯಾವತ್ತೂ ಒಂದೇ ಸಲಕ್ಕೆ ಖಾಲಿ ಮಾಡ್ಬಾರ್ದು."

ಈ ಮಾತನ್ನು ಅವರು ಆ ದಿನವೇ ಆಡಿದರೆಂದು ನಾನು ಪ್ರಮಾಣ ಮಾಡಲಾರೆ. ಇಷ್ಟು ಸರಿಯಾದ ಜಾಗದಲ್ಲಿ ಮಾತುಗಳು ಬೀಳುವುದು ನೆನಪಿನಲ್ಲಿ ಮಾತ್ರ. ಬಹುಶಃ ಮರುದಿನ ಆಡಿದ್ದನ್ನು ನಾನು ಹಿಂದಕ್ಕೆ ತಂದು ನೆಟ್ಟಿದ್ದೇನೆ. ಆಡಿದ್ದರೂ ನನಗೆ ಕೇಳಿಸಲಿಲ್ಲ, ತಟ್ಟೆಯ ಚಿಂತೆಯಲ್ಲಿದ್ದೆ.

ಅವರು ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅಡ್ಡಲಾಗಿ ನೋಡಿದರು. "ಇದು ಓರೆಯಾಗಿ ಹೆಪ್ಪುಗಟ್ಟೈತಲ್ಲ. ಈ ಕಡೆ ದಪ್ಪ, ಆ ಕಡೆ ತೆಳು. ನಿಮ್ಮ ಮೇಜೇ ಸರಿ ಇಲ್ಲ."

ಅಲ್ಲಿದ್ದ ಟ್ರೇ ಒಂದಕ್ಕೆ ನೀರು ಹೊಯ್ದು ಮೇಜಿನ ಮೇಲಿಟ್ಟರು. ಎಸ್ಟೇಟಿನ ಕಣದಲ್ಲಿ ನೀರು ನಿಂತರೆ ಆ ಮೂಲೆಯ ಕಾಫಿ ಮುಗ್ಗಲು ಬರುತ್ತದಂತೆ, ಅದಕ್ಕೇ ಅವರಿಗೆ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದಂತೆ. ಟ್ರೇಯ ನೀರು ಕಿಟಕಿಯ ಕಡೆಗೆ ಜಾರಿ ಅಂಚಿನಲ್ಲಿ ತುಂಬಿ ನಿಂತಿತು. ಗುಡ್ಡ ಇಳಿಯುವ ಕಡೆಗೇ ನಮ್ಮ ನೆಲವೂ ಇಳಿಯುತ್ತಿತ್ತು. ನಾಲ್ಕು ವರ್ಷ ಆ ಮೇಜಿನ ಮುಂದೆ ಕೂತವಳಿಗೆ ಗೊತ್ತಾಗಿರಲಿಲ್ಲ. ಪೆನ್ನು ಯಾವಾಗಲೂ ಕಿಟಕಿಯ ಕಡೆಗೇ ಉರುಳುತ್ತದೆ ಎಂಬುದು ಮಾತ್ರ ಗೊತ್ತಿತ್ತು.

ಅಗಾರ್ ದಪ್ಪವಿದ್ದ ಕಡೆ ಔಷಧಿ ಆಳಕ್ಕಿಳಿದು ವೃತ್ತ ಕಿರಿದಾಗುತ್ತದೆ, ತೆಳುವಿದ್ದ ಕಡೆ ಹರಡುತ್ತದೆ. ಮೊಟ್ಟೆ ಬಂದದ್ದು ಹಾಗೆ. ಔಷಧಿಯ ಡಬ್ಬದ ರಟ್ಟು ಮಡಚಿ ಮೇಜಿನ ಎರಡು ಕಾಲಿಗೆ ಒತ್ತು ಕೊಟ್ಟೆವು. ಅವರು ನೀರು ನೋಡುತ್ತಿದ್ದರು, ನಾನು ರಟ್ಟು ತುರುಕುತ್ತಿದ್ದೆ. "ಇನ್ನೊಂಚೂರು. ಸಾಕು. ಸಾಕು ಅಂದ್ನಲ್ಲ ಮೇಡಂ, ತಿರ್ಗಾ ಹೆಚ್ಚಾಯ್ತು." ಆಳುಗಳಿಗೆ ಹೇಳುವ ದನಿಯೇ ಅದು.

ಮಬ್ಬಿನ ಮಾತು ಉಳಿದಿತ್ತು. ಜೆರಾಕ್ಸಿನ ಮೂರನೇ ಹಾಳೆಯಲ್ಲಿ ಕೊನೆಯ ಎರಡು ಸಾಲು ಕಪ್ಪಾಗಿ ಅರ್ಧ ಮುಳುಗಿದ್ದವು. ಅಲ್ಲಿ ಏನೂ ಇರಲಾರದು ಎಂದು ನಾನು ತೀರ್ಮಾನಿಸಿಕೊಂಡಿದ್ದೆ. ಮಧ್ಯಾಹ್ನ ಊಟಕ್ಕೆ ಮನೆಗೆ ಹೊರಟ ಡಾಕ್ಟರನ್ನು ಕೇಳಿಕೊಂಡೆ, ಅವರು ಮೂಲ ಪುಸ್ತಕ ತಂದು ಓದಿ ಹೇಳಿದರು. ವೃತ್ತದೊಳಗೆ ತೆಳುವಾದ ಮಬ್ಬು ಕಂಡರೆ ಅದನ್ನು ಬಿಡಿ, ಬೆಳವಣಿಗೆ ಥಟ್ಟನೆ ಕಡಿಮೆಯಾಗುವ ಕಡೆಯಿಂದ ಅಳೆಯಿರಿ ಎಂದಿತ್ತು. ಈ ಔಷಧಿ ಯೀಸ್ಟನ್ನು ಕೊಲ್ಲುವುದಿಲ್ಲ, ಬೆಳೆಯದಂತೆ ಹಿಡಿದು ನಿಲ್ಲಿಸುತ್ತದೆ. ಹಿಡಿತದೊಳಗೂ ಚೂರುಪಾರು ಮಿಸುಕಾಡುವುದು ಅದರ ಸ್ವಭಾವ.

ಡಾಕ್ಟರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಮಂಗಳೂರಿಗೆ ಕಾಗದ ಬರೆದೇ ಬಿಡ್ತಿದ್ದೆನಲ್ಲಮ್ಮ ನಾನು," ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇದು ನೆನಪಿನಲ್ಲಿ ಇಷ್ಟು ದಿನ ಉಳಿಯುತ್ತಿರಲಿಲ್ಲವೇನೋ.

ನೀರು ನಾಲ್ಕೂ ಅಂಚಿಗೆ ಸಮವಾಗಿ ನಿಂತ ಮೇಜಿನ ಮೇಲೆ ಹೊಸ ತಟ್ಟೆಗಳನ್ನು ಹೊಯ್ದೆ. ನೀಲಿ ಒಂದೇ ಸಮ ಬಂತು. ಒಂದು ತಟ್ಟೆಯಲ್ಲಿ ಮುದುಕಿಯ ಯೀಸ್ಟು. ಇನ್ನೊಂದರಲ್ಲಿ ಅದೇ ಮಾತ್ರೆ ತಿಂದು ಪೂರ್ತಿ ಗುಣವಾಗಿದ್ದ ಬೇರೊಬ್ಬ ರೋಗಿಯಿಂದ ಮೊದಲೇ ತೆಗೆದಿಟ್ಟಿದ್ದ ಯೀಸ್ಟು, ತಾಳೆ ನೋಡಲು. ಆ ಸಂಜೆ ಆಲೂರಿನ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತ್ತು. ಕಣಗಳಲ್ಲಿ ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚುತ್ತಿದ್ದರು. ಕರೆಂಟ್ ಹೋಗದಿರಲಿ ಎಂದು ಮಾತ್ರ ಬೇಡಿಕೊಂಡೆ.

ಹೋಗಲಿಲ್ಲ. ಬುಧವಾರ ಎರಡೂ ತಟ್ಟೆಗಳಲ್ಲಿ ಬಳೆಯಷ್ಟು ಗುಂಡಗಿನ ವೃತ್ತ. ಒಳಗೆ ಅದೇ ಮಬ್ಬು ಇತ್ತು, ಈ ಸಲ ಬಿಟ್ಟೆ. ಸ್ಕೇಲಿಟ್ಟೆ, ತಿರುಗಿಸಿ ಇನ್ನೊಮ್ಮೆ ಇಟ್ಟೆ. ಮುದುಕಿಯದು ಇಪ್ಪತ್ತಾರು, ಗುಣವಾದವರದೂ ಹೆಚ್ಚು ಕಡಿಮೆ ಅಷ್ಟೇ. ಮಾತ್ರೆ ಚೆನ್ನಾಗಿ ನಾಟುತ್ತದೆ.

ತಟ್ಟೆಯನ್ನು ಡಾಕ್ಟರ ಮೇಜಿಗೇ ತೆಗೆದುಕೊಂಡು ಹೋದೆ. ರೈಟರೂ ತಾಯಿಯೂ ಎದುರಿಗೆ ಕೂತಿದ್ದರು. ಮುದುಕಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಪಕ್ಕದಲ್ಲಿ ಒಂದು ಬಟ್ಟೆಯ ಗಂಟು. ಬಾಯಲ್ಲಿ ಏನೇ ಅಂದಿರಲಿ, ಮಂಗಳೂರಿಗೆ ಹೋಗಬೇಕಾಗಿ ಬಂದರೆ ಇರಲಿ ಎಂದು ಒಂದು ಸೀರೆ ಸುತ್ತಿಕೊಂಡೇ ಬಂದಿದ್ದಳಂತೆ.

ಡಾಕ್ಟರು ಈ ಸಲ ತಟ್ಟೆಯನ್ನೇ ನೋಡಿದರು, ಬಹಳ ಹೊತ್ತು. "ಇಲ್ಲಿ ನಾಟುತ್ತೆ. ಬಾಯಲ್ಲಿ ಯಾಕೆ ನಾಟಲಿಲ್ಲ?" ಎಂದು ರೈಟರ ಕಡೆ ತಿರುಗಿದರು. "ಹದಿನಾಲ್ಕು ಮಾತ್ರೆ ಕೊಟ್ಟೆ ಅಂದ್ರಲ್ಲ?"

"ಕೊಟ್ಟೆ ಡಾಕ್ಟ್ರೇ. ಮೂರು ದಿನಕ್ಕೇ ಬಿಳಿ ಎಲ್ಲ ಹೋಗ್ಬುಡ್ತು. ಅವ್ವ ರೊಟ್ಟಿ ತಿಂದ್ಲು."

"ಆಮೇಲೆ?"

"ಆಮೇಲೆ ಇಟ್ಟೆ."

"ಏನನ್ನ?"

"ಉಳಿದಿದ್ದು. ಎರಡ್ನೇ ಸುತ್ತಿಗೆ."

ರೈಟರು ಅಂಗಿಯ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಮೂರು ಗೂಡು ಖಾಲಿ, ಉಳಿದದ್ದೆಲ್ಲ ತುಂಬಿದ್ದವು. ಆ ಮನುಷ್ಯ ಬೇಜವಾಬ್ದಾರಿಯಿಂದ ಹಾಗೆ ಮಾಡಿರಲಿಲ್ಲ. ಬೂಷ್ಟಿನ ವಿಷಯದಲ್ಲಿ ಇಪ್ಪತ್ತು ವರ್ಷದಿಂದ ತಿಳಿದಿದ್ದ ಕ್ರಮವನ್ನೇ ಶ್ರದ್ಧೆಯಿಂದ ಪಾಲಿಸಿದ್ದರು. ಬಿಳಿ ಮತ್ತೆ ಬಂದಾಗ ಎರಡನೇ ಸುತ್ತು ಶುರು ಮಾಡುವ ಮುನ್ನ ಡಾಕ್ಟರನ್ನು ಒಂದು ಮಾತು ಕೇಳೋಣ ಎಂದೇ ಬಂದದ್ದಂತೆ. ಬಂದರೆ ಇಲ್ಲಿ ಕಡ್ಡಿ, ತಟ್ಟೆ, ಮಂಗಳೂರು ಎಂದು ಶುರುವಾಗಿ ಕೇಳಲು ಹೊತ್ತೇ ಸಿಗಲಿಲ್ಲವಂತೆ.

ಪಟ್ಟಿ ತೆಗೆದದ್ದು ಮಗನ ಜೇಬಿನಿಂದಲೋ, ತಾಯಿಯ ಎಲೆಯಡಿಕೆ ಸಂಚಿಯಿಂದಲೋ ಎಂಬ ಬಗ್ಗೆ ನನ್ನೊಳಗೆ ಎರಡು ಚಿತ್ರಗಳಿವೆ, ಎರಡೂ ಅಷ್ಟೇ ಸ್ಪಷ್ಟ. ಜೇಬು ಎಂದು ಬರೆದೆ. ಸಂಚಿ ಎಂದು ಓದಿಕೊಂಡರೂ ತಪ್ಪಿಲ್ಲ.

ಮುದುಕಿ ಸೆರಗು ತೆಗೆದಳು. "ನನ್ನೂ ಕಾಫಿ ಗಿಡ ಮಾಡಿದ್ಯೇನೋ ಮಾರಾಯ. ಸದ್ಯ, ಚಿಗುರು ಕೀಳೋಕೆ ಕತ್ರಿ ತರ್ಲಿಲ್ಲ."

ಡಾಕ್ಟರು ನಕ್ಕರು, ರೈಟರು ತಲೆ ತಗ್ಗಿಸಿದರು. ನಾನು ನಗಲಿಲ್ಲ ಎಂದು ನೆನಪು. ತಟ್ಟೆ ಕೈಯಲ್ಲಿತ್ತು, ಬೀಳಬಾರದಿತ್ತು.

"ಮೊದಲ ದಿನದಿಂದ ಶುರು," ಎಂದರು ಡಾಕ್ಟರು. "ಹದಿನಾಲ್ಕಕ್ಕೆ ಹದಿನಾಲ್ಕು. ಬಾಯಿ ಎಷ್ಟು ಚೆನ್ನಾಗಾದರೂ ಸರಿ. ಇದಕ್ಕೆ ಒಂದೇ ಸುತ್ತು ಕಣ್ರೀ. ಸಕ್ಕರೇನೂ ನಾನು ಹೇಳಿದ ಮಟ್ಟಕ್ಕೆ ಇಳೀಬೇಕು."

"ಮಂಗಳೂರು?" ಎಂದಳು ಮುದುಕಿ.

"ಮಂಗಳೂರಲ್ಲಿ ನಿಮಗೇನು ಕೆಲ್ಸ?"

ಅವಳು ಬಟ್ಟೆಯ ಗಂಟನ್ನು ಬಿಚ್ಚಿದಳು. ಸೀರೆಯನ್ನು ಅಲ್ಲೇ ಮಡಿಲಲ್ಲಿ ಹರಡಿ, ಮನೆಗೆ ಒಯ್ಯಲು ಮತ್ತೆ ನೀಟಾಗಿ ಮಡಿಸತೊಡಗಿದಳು. ಹೊರಗೆ ಜನ ಕಾಯುತ್ತಿದ್ದರು. ಅವಳು ಮಡಿಸಿ ಮುಗಿಸುವವರೆಗೆ ಡಾಕ್ಟರು ಮುಂದಿನವರನ್ನು ಕರೆಯಲಿಲ್ಲ.

ಹದಿನೈದು ದಿನದ ಮೇಲೆ ಇಬ್ಬರೂ ಬಂದರು. ಬಾಯಿ ಕೆಂಪಗೆ ಶುಭ್ರವಾಗಿತ್ತು. ಕಡ್ಡಿಯಲ್ಲಿ ಒರೆಸಿದರೆ ಬರೀ ಎಂಜಲು. ಮುದುಕಿ ಡಬ್ಬಿ ಬಿಚ್ಚಿ ಅಕ್ಕಿರೊಟ್ಟಿ, ಸೂಜಿಮೆಣಸಿನ ಚಟ್ನಿ ತೆಗೆದಳು. ಲ್ಯಾಬಿನಲ್ಲಿ ತಿನ್ನಬಾರದು ಎಂದೆ. "ತಿನ್ನೋಕಲ್ಲ ಮಗ, ಪರೀಕ್ಷೆಗೆ," ಎಂದು ಒಂದು ತುತ್ತು ಚಟ್ನಿಗೆ ಅದ್ದಿ ಬಾಯಿಗಿಟ್ಟುಕೊಂಡು ನಾಲಿಗೆಯ ಮೇಲೆ ಸುಮ್ಮನೆ ಇಟ್ಟುಕೊಂಡಳು. ಉರಿಯಲಿಲ್ಲ ಎಂದು ನನಗೆ ಕೈಯಲ್ಲೇ ಸನ್ನೆ ಮಾಡಿದಳು. ಉಳಿದದ್ದನ್ನು ನಾನೂ ತಿಂದೆ, ಹೊರಗಿನ ಮೆಟ್ಟಿಲ ಮೇಲೆ ಕೂತು. ನನಗೆ ಉರಿಯಿತು.

ರೈಟರು ಅಂದು ಸಿಲ್ವರ್ ಓಕ್ ಮರದ ಎರಡು ಬೆಣೆ ತಂದಿದ್ದರು, ಮೇಜಿನ ಕಾಲಿನ ಅಳತೆಗೆ ಕೆತ್ತಿಸಿದ್ದು. ರಟ್ಟು ನೀರು ಕುಡಿದು ಕುಗ್ಗುತ್ತದೆ, ನಂಬಬೇಡಿ ಎಂದರು. ಟ್ರೇಗೆ ನೀರು ಹೊಯ್ದು ಬೆಣೆ ಬಡಿದು ನೋಡಿಯೇ ಹೋದರು. ಮಳೆಗಾಲ ಬಂದಾಗ ಆ ಕೋಣೆಯಲ್ಲಿ ಎಲ್ಲವೂ ಉಬ್ಬಿತು, ಬಾಗಿಲು ಕೂಡ. ಪೆನ್ನು ಮಾತ್ರ ಇಟ್ಟಲ್ಲೇ ಇರುತ್ತಿತ್ತು. ಹಾಂ, ಶೀಟಿನ ಮೇಲಿನ ಆ ಮಳೆಯ ಸದ್ದು ಆಗಿನದಿರಬೇಕು.